ಐತವಾರದ ಸಾಕ್ಷಿ

ನಮ್ಮ ಚರ್ಚಿನಲ್ಲಿ ಪ್ರತಿ ಭಾನುವಾರ ಎರಡನೆಯ ಹಾಡು ಮುಗಿಯುತ್ತ ಬಂದ ಹಾಗೆ ನಾನು ಕೈಚೀಲದಲ್ಲಿ ಏನನ್ನೋ ಹುಡುಕತೊಡಗುತ್ತೇನೆ. ಏನನ್ನು ಎಂದು ಕೇಳಬೇಡಿ. ಅದರೊಳಗೆ ಹುಡುಕುವಂಥದ್ದು ಏನೂ ಇರುವುದಿಲ್ಲ. ಒಂದು ಕರವಸ್ತ್ರ, ನಾಲ್ಕಾರು ಲವಂಗ, ಒಂದು ಹಳೇ ಬಸ್ ಟಿಕೆಟ್ಟು, ಅಷ್ಟೇ. ಆದರೂ ತಲೆ ಬಗ್ಗಿಸಿಕೊಂಡು ಹುಡುಕುತ್ತೇನೆ. ಏಕೆಂದರೆ ಸರಿಯಾಗಿ ಆ ಹೊತ್ತಿಗೆ ನಮ್ಮ ಪಾಸ್ಟರು ಕನ್ನಡಕ ತೆಗೆದು, ಸಭೆಯ ಮೇಲೆ ಒಂದು ಸುತ್ತು ಕಣ್ಣು ಹಾಯಿಸಿ, ಸಾಕ್ಷಿ ಹೇಳುವವರು ಯಾರಾದರೂ ಇದ್ದೀರಾ ಎಂದು ಕೇಳುತ್ತಾರೆ. ನನ್ನ ಪಕ್ಕದ ನರ್ಸಮ್ಮ ಫ್ಯಾನಿನ ರೆಕ್ಕೆಗಳನ್ನು ದಿಟ್ಟಿಸುತ್ತಾಳೆ. ಗಂಡಸರ ಕಡೆ ಕೂತ ನನ್ನ ಯಜಮಾನರಿಗೆ ಕೆಮ್ಮು ಬರುತ್ತದೆ. ವಾರವೆಲ್ಲ ಬಾರದ ಕೆಮ್ಮು ಅದು.

ನಮ್ಮ ರೂಢಿ ಗೊತ್ತಿಲ್ಲದವರಿಗೆ ಹೇಳಬೇಕು. ಸಾಕ್ಷಿ ಎಂದರೆ ನಮ್ಮಲ್ಲಿ ದೇವರು ತನಗೆ ಮಾಡಿದ ಉಪಕಾರವನ್ನು ಎದ್ದು ನಿಂತು ನಾಲ್ಕು ಜನರ ಮುಂದೆ ಹೇಳುವುದು. ಟೈಫಾಯ್ಡು ಬಿಟ್ಟಿತು, ಮಗಳಿಗೆ ಗಂಡು ಸಿಕ್ಕಿತು, ಕಳೆದ ಎಮ್ಮೆ ತಾನೇ ಮನೆಗೆ ಬಂತು, ಹೀಗೆ. ಕೇಳುವುದಕ್ಕೆ ಚೆನ್ನಾಗಿಯೇ ಇರುತ್ತದೆ. ಹೇಳುವ ಸರದಿ ಬಂದಾಗ ಗೊತ್ತಾಗುತ್ತದೆ, ನಮ್ಮ ಬದುಕಿನಲ್ಲಿ ಎಮ್ಮೆ ಕಳೆದದ್ದೂ ಇಲ್ಲ, ಸಿಕ್ಕಿದ್ದೂ ಇಲ್ಲ.

ನಾನು ಚಿಕ್ಕವಳಿದ್ದಾಗ ಮಾನ್ವಿಯಲ್ಲಿ, ಅದು ನನ್ನ ತವರು, ಬೇಸಿಗೆಯಲ್ಲಿ ಹಂದರ ಹಾಕಿ ಉಜ್ಜೀವನ ಕೂಟ ನಡೆಸುತ್ತಿದ್ದರು. ಅಲ್ಲಿ ಪ್ರತಿ ವರ್ಷ ಯೋಹಾನಪ್ಪ ಎಂಬುವವನು ತಾನು ಹಿಂದೆ ಎಂಥ ಕುಡುಕನಾಗಿದ್ದೆ ಎಂದು ಸಾಕ್ಷಿ ಹೇಳುತ್ತಿದ್ದ. ನಾವು ಮಕ್ಕಳು ನಿದ್ದೆ ತಡೆದುಕೊಂಡು ಅದಕ್ಕಾಗಿಯೇ ಕಾಯುತ್ತಿದ್ದೆವು. ಮೊದಲ ವರ್ಷ ಅವನು ಕುಡಿದು ಓಣಿಯಲ್ಲಿ ಬಿದ್ದಿದ್ದ. ಮರುವರ್ಷ ಬಾವಿಕಟ್ಟೆಯ ಮೇಲೆ ಬಿದ್ದ. ಅದರ ಮುಂದಿನ ವರ್ಷ ಬಾವಿಯೊಳಗೇ ಬಿದ್ದುಬಿಟ್ಟ. ಕೊನೆಗೊಮ್ಮೆ ಮಾತಿನ ಭರಕ್ಕೆ ಗಡಿಗೆಗಟ್ಟಲೆ ಸೇಂದಿ ಏರಿಸುತ್ತಿದ್ದೆ ಅಂದಾಗ, ಹೆಂಗಸರ ಚಾಪೆಯಿಂದ ಅವನ ಹೆಂಡತಿ, ಅಷ್ಟು ಕುಡಿಯುವುದಕ್ಕೆ ನಿನ್ನ ಹತ್ತಿರ ರೊಕ್ಕ ಎಲ್ಲಿತ್ತು ಎಂದು ಕೇಳಿಯೇಬಿಟ್ಟಳು. ಆ ವರ್ಷ ಕೂಟ ಬೇಗ ಮುಗಿಯಿತು.

ನನ್ನ ಹೆಸರು ಸುವಾರ್ತಮ್ಮ. ಸುವಾರ್ತೆ ಎಂದರೆ ಒಳ್ಳೆಯ ಸುದ್ದಿ. ಮದುವೆಯಾದಂದಿನಿಂದ ಈಕೆಯ ಬಾಯಿಂದ ಅಂಥದ್ದೊಂದು ಕೇಳಿಲ್ಲ ಎಂದು ನನ್ನ ಯಜಮಾನರು ಬಂದವರೆದುರು ಹೇಳುತ್ತಾರೆ. ಇರಲಿ. ರಾಯಚೂರಿನ ಒಂದು ಹೈಸ್ಕೂಲಿನಲ್ಲಿ ಪಾಠ ಹೇಳಿ ಹೇಳಿ ನನ್ನ ಸ್ವಭಾವದಲ್ಲಿ ತಾಳ್ಮೆ ಎಂಬುದು ಹಳೇ ಡಸ್ಟರಿನ ಹಾಗೆ ಸವೆದುಹೋಗಿದೆ. ಇದು ಗೊತ್ತಿದ್ದೂ ನಮ್ಮ ಪ್ರೇಮದಾಸರು ನನ್ನನ್ನು ಪ್ರವಾಹ ಪರಿಹಾರದ ತಂಡಕ್ಕೆ ಸೇರಿಸಿಕೊಂಡರು. ಸೇವೆಯಲ್ಲಿ ಆತ್ಮ ಬೆಳೆಯುತ್ತದೆ ಅಕ್ಕಾ, ಬನ್ನಿ, ಎಂದರು. ನನ್ನ ಆತ್ಮ ಇದ್ದಷ್ಟೇ ಸಾಕು ಅನ್ನಬೇಕಿತ್ತು. ಅನ್ನಲಿಲ್ಲ.

ಪ್ರೇಮದಾಸರು ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ನೌಕರಿ ಮಾಡಿ ನಿವೃತ್ತರಾದವರು. ಯಂತ್ರಗಳ ಗದ್ದಲದಲ್ಲಿ ಕೂಗಿ ಕೂಗಿ ಅಭ್ಯಾಸವಾಗಿ, ಕಿವಿಯ ಹತ್ತಿರ ಬಂದು ಗುಟ್ಟು ಹೇಳಿದರೂ ದೇವಸುಗೂರಿನವರೆಗೆ ಕೇಳಿಸುತ್ತದೆ. ಒಳ್ಳೆಯ ಮನುಷ್ಯ. ಆದರೆ ಪ್ರಾರ್ಥನೆ ಮಾಡದೆ ಗಾಡಿಯ ಟೈರಿಗೆ ಗಾಳಿ ಕೂಡ ಹಾಕಿಸುವುದಿಲ್ಲ. ಆ ಮಳೆಗಾಲ ಮೇಲಿನ ಅಣೆಕಟ್ಟೆಯಿಂದ ಕೃಷ್ಣೆಗೆ ನೀರು ಬಿಡುತ್ತಾರೆ, ದೇವದುರ್ಗದ ಕಡೆಯ ಹೊಳೆದಂಡೆಯ ಊರುಗಳನ್ನು ಖಾಲಿ ಮಾಡಿಸಬೇಕು ಎಂದು ಸುದ್ದಿ ಬಂತು. ಹೊಳೆ ಇರುವುದು ಒಂದು ದಿಕ್ಕಿಗೆ. ನಾವು ಹೊರಟದ್ದು ಇನ್ನೊಂದು ದಿಕ್ಕಿಗೆ, ಮಾನ್ವಿಗೆ. ಅಲ್ಲಿ ಒಬ್ಬ ಅಕ್ಕಿ ಗಿರಣಿಯ ಸಾಹುಕಾರರು ಅಕ್ಕಿ ಕೊಡುತ್ತೇನೆ ಎಂದಿದ್ದರು. ಹಣೆ ತುಂಬ ವಿಭೂತಿ ಧರಿಸಿದ ಆ ಪುಣ್ಯಾತ್ಮರು ಚೀಲಗಳನ್ನು ಎಣಿಸದೆ ಗಾಡಿಗೆ ಹಾಕಿಸಿದರು. ಗಾಡಿಗೆ ಕಟ್ಟುವ ಬ್ಯಾನರಿನಲ್ಲಿ ಅವರ ಹೆಸರು ಎಲ್ಲಿ ಹಾಕಬೇಕು ಎಂದು ಪ್ರೇಮದಾಸರು ಚರ್ಚೆ ತೆಗೆದರು. ಹೆಸರು ಬೇಡ, ನೀರು ಬರುವುದರೊಳಗೆ ಮುಟ್ಟಿಸಿ ಎಂದರು ಸಾಹುಕಾರರು. ಪ್ರೇಮದಾಸರು ಕೃತಜ್ಞತಾ ಪ್ರಾರ್ಥನೆಗೆ ಕಣ್ಣು ಮುಚ್ಚಿದರು. ನಾನು ಮುಚ್ಚಲಿಲ್ಲ. ಸಾಹುಕಾರರೂ ಮುಚ್ಚಿರಲಿಲ್ಲ. ಇಬ್ಬರೂ ಗೋಡೆ ಗಡಿಯಾರ ನೋಡುತ್ತಿದ್ದೆವು.

ಗಬ್ಬೂರು ದಾಟಿ, ದೇವದುರ್ಗ ಮುಟ್ಟಿ, ಗೂಗಲ್ ಎಂಬ ಗ್ರಾಮದ ಕಡೆಯ ಒಂದು ಹೊಳೆದಂಡೆಯ ಊರಿಗೆ ನಾವು ತಲುಪಿದಾಗ ಮಧ್ಯಾಹ್ನ ದಾಟಿತ್ತು. ಊರ ಜನ ಬೆಳಗ್ಗೆಯೇ ಎತ್ತರದಲ್ಲಿದ್ದ ಶಾಲೆಗೆ, ಅಂದರೆ ಸರ್ಕಾರದವರು ತೆರೆದ ಕಾಳಜಿ ಕೇಂದ್ರಕ್ಕೆ ಹೋಗಿಬಿಟ್ಟಿದ್ದರು. ಒಬ್ಬಳನ್ನು ಬಿಟ್ಟು. ಹೊಳೆಗೆ ಹತ್ತಿರದ ಓಣಿಯಲ್ಲಿ ಅಯ್ಯಮ್ಮ ಎಂಬುವಳು ಸೊಸೆ, ಮೊಮ್ಮಕ್ಕಳು, ಆಡುಗಳನ್ನೆಲ್ಲ ಕಳಿಸಿ ತಾನು ಮಾತ್ರ ಮನೆ ಬಿಟ್ಟು ಬರುತ್ತಿಲ್ಲವಂತೆ. ಅಕ್ಕ ಹೈಸ್ಕೂಲು ಟೀಚರು, ಆಕೆಯ ಮಾತಿಗೆ ಎಂಥವರೂ ಏಳುತ್ತಾರೆ ಎಂದು ಪ್ರೇಮದಾಸರು ನನ್ನನ್ನು ಅಟ್ಟಿದರು. ಪತ್ರಿಕೆಯ ಫೋಟೋದವರು ಬರುತ್ತಾರೆ ಎಂದು ನಂಬಿ ನಾನು ಅಂದು ಇಳಕಲ್ ಸೀರೆ ಉಟ್ಟಿದ್ದೆ. ಫೋಟೋದವರು ಬರಲಿಲ್ಲ. ಕೆಸರು ಬಂತು.

ಅಯ್ಯಮ್ಮ ಹತ್ತಿ ಬಿಡಿಸಲು ಹೋಗುವ, ಹೆಚ್ಚುಕಡಿಮೆ ನನ್ನದೇ ವಯಸ್ಸಿನ ಹೆಂಗಸು. ನಾನು ಹೊಸ್ತಿಲಲ್ಲಿ ನಿಂತು ನೀರಿನ ಅಪಾಯದ ಬಗ್ಗೆ ಒಂದು ಪಿರಿಯಡ್ಡಿನಷ್ಟು ಮಾತಾಡಿದೆ. ಆಕೆ ಎಲ್ಲವನ್ನೂ ಕೇಳಿ, ಒಳಗೆ ಬಂದು ಕೂಡಲು ಹೇಳಿದಳು. ಕೂಡಲು ಹೊತ್ತಿಲ್ಲ ಎಂದೆ. ಚಹಾ ಕುಡಿದರೆ ಬರುತ್ತೇನೆ ಎಂದಳು. ಸರಿ, ಬೇಗ ಮಾಡು ಎಂದು ಒಳಗೆ ಹೋದೆ. ಆಗ ಒಲೆ ಹೊತ್ತಿಸಿದಳು. ಅಂದರೆ ಒಲೆಯೂ ಹೊತ್ತಿರಲಿಲ್ಲ. ಕಟ್ಟಿಗೆ ಹಸಿ. ಊದುತ್ತಾಳೆ, ಹೊಗೆ ಬರುತ್ತದೆ, ಮತ್ತೆ ಊದುತ್ತಾಳೆ. ಹೊರಗೆ ಹೊಳೆಯ ಸಪ್ಪಳ ಕೇಳಿಸುತ್ತಿದೆ. ಈಕೆ ಬೆಲ್ಲ ಹುಡುಕುತ್ತಿದ್ದಾಳೆ. ಬೆಲ್ಲ ಸೊಸೆಯ ಗಂಟಿನಲ್ಲಿ ಹೋಗಿದೆ ಎಂದು ನೆನಪಾಗಿ, ಡಬ್ಬಿಯೊಂದರ ತಳ ಕೆರೆದು ಸಕ್ಕರೆ ತೆಗೆದಳು. ನೆಲಕ್ಕೆ ಕೂತರೆ ಥಂಡಿ, ಗೋಡೆಗೆ ಬೆನ್ನು ಹಚ್ಚಿ ಕೂಡ್ರಿ ಎಂದು ಚೀಲ ಹಾಸಿದಳು. ಕೂತೆ. ಅವತ್ತು ಇಡೀ ದಿನದಲ್ಲಿ ನಾನು ಮನಸಾರೆ ಮಾಡಿದ ಪ್ರಾರ್ಥನೆ ಒಂದೇ. ಕರ್ತನೇ, ಈ ಹೆಂಗಸಿನ ಚಹಾ ಒಂದು ಬೇಗ ಕುದಿಯಲಿ.

ಕುದಿಯಿತು. ಕುಡಿದೆ. ಎಬ್ಬಿಸಿಕೊಂಡು ಶಾಲೆಗೆ ಬಂದೆ. ಅಲ್ಲಿ ನಮ್ಮ ತಂಡದಲ್ಲೇ ಬಂದಿದ್ದ ನರ್ಸಮ್ಮ ನನ್ನ ಬೆನ್ನು ನೋಡಿ ನಗತೊಡಗಿದಳು. ಗೋಡೆಗೆ ಹಚ್ಚಿದ ಸುಣ್ಣ ಹಸಿಯಾಗಿತ್ತು. ನನ್ನ ಇಳಕಲ್ ಸೀರೆಯ ಮೇಲೆ ಭಾರತದ ನಕ್ಷೆ ಮೂಡಿತ್ತು, ಶ್ರೀಲಂಕಾ ಸಮೇತ. ಹೊಳೆಯ ನೀರು ಬಾಗಿಲಿಗೆ ಬರುವ ಹೊತ್ತಿನಲ್ಲಿ ಗೋಡೆಗೆ ಸುಣ್ಣ ಬಳಿಯುವವರು ಯಾರಾದರೂ ಇದ್ದಾರೆಯೇ? ಇದ್ದಾರೆ. ಅವರ ಮನೆಗೇ ನನ್ನನ್ನು ಕಳಿಸಿದ್ದರು. ಆ ರಾತ್ರಿಯೇ ಓಣಿಗೆ ನೀರು ನುಗ್ಗಿತು.

ನೀರು ಇಳಿದ ಮೇಲೆ ನಾವು ಮತ್ತೆ ಹೋದೆವು, ಈ ಸಲ ಹಾಸುವುದು ಹೊದೆಯುವುದು ತೆಗೆದುಕೊಂಡು. ಅಯ್ಯಮ್ಮನ ಓಣಿಯಲ್ಲಿ ಮನೆಗಳಿದ್ದ ಜಾಗದಲ್ಲಿ ಮಣ್ಣಿನ ಗುಡ್ಡೆಗಳಿದ್ದವು. ಆಕೆಯ ಮನೆಯ ಹಿಂದಿನ ಗೋಡೆ ಹಾಗೇ ನಿಂತಿತ್ತು, ನಾನು ಬೆನ್ನು ಹಚ್ಚಿದ್ದ ಗೋಡೆ ಪೂರ್ತಿ ಬಿದ್ದು ಚಾವಣಿಯೂ ಅದರ ಮೇಲೆ ಕೂತಿತ್ತು. ಬೆಳಗ್ಗೆಯಷ್ಟೇ ಕಂದಾಯದವರು ಪಂಚನಾಮೆಗೆ ಬಂದು ಹೋಗಿದ್ದರು. ಎಲ್ಲರ ಮನೆಗಳನ್ನೂ ಬರೆದುಕೊಂಡರು, ಅಯ್ಯಮ್ಮನ ಮನೆಗೆ ಬಂದು ನಿಂತರು. ಹೋದ ವರ್ಷದ ನೆರೆಯಲ್ಲೂ ಇದೇ ಗೋಡೆ ಬಿದ್ದಿತ್ತು. ಅದರ ಫೋಟೋ ಅವರ ಫೋನಿನಲ್ಲೇ ಇತ್ತು. ಬೇಸಿಗೆಯಲ್ಲಿ ನಾನು ಮತ್ತೆ ಕಟ್ಟಿದೆ ಎಂದು ಅಯ್ಯಮ್ಮ, ಕಟ್ಟಿದ್ದನ್ನು ಕಂಡವರು ಯಾರು ಎಂದು ಅವರು. ಓಣಿಯವರೆಲ್ಲ ಒಬ್ಬರಿಗೊಬ್ಬರು ಬೀಗರು, ಬಿಜ್ಜರು. ತಮ್ಮತಮ್ಮೊಳಗೆ ಹೇಳಿಕೊಂಡರೆ ಆಗುವುದಿಲ್ಲ, ಹೊರಗಿನವರ ಸಾಕ್ಷಿ ಬೇಕು ಎಂದು ಹೇಳಿ, ಮತ್ತೊಮ್ಮೆ ಬರುವುದಾಗಿ ಹೋಗಿದ್ದರು. ಮನೆ ಈ ನೆರೆಯಲ್ಲಿ ಬಿತ್ತು ಎಂದು ಬರೆಯದಿದ್ದರೆ ಸರ್ಕಾರದಿಂದ ಹೊಸ ಮನೆ ಇಲ್ಲ. ಅಯ್ಯಮ್ಮ, ಸೊಸೆ, ಮೊಮ್ಮಕ್ಕಳು ಶಾಲೆಯ ವರಾಂಡದಿಂದ ಎಲ್ಲಿಗೆ ಹೋಗಬೇಕು ಎನ್ನುವುದು ಆ ಒಂದು ಸಾಲಿನ ಮೇಲೆ ನಿಂತಿತ್ತು.

ಈ ಯಾವ ಸಂಗತಿಯೂ ನಮಗೆ ಆಗ ಗೊತ್ತಿರಲಿಲ್ಲ. ಹೊದಿಕೆ ಹಂಚಿ ಮುಗಿದ ಮೇಲೆ ಪ್ರೇಮದಾಸರು ಶಾಲೆಯ ಅಂಗಳದಲ್ಲಿ ನಿಂತು ತಮ್ಮ ಆ ಗಂಟಲಿನಲ್ಲಿ ಸಾರಿದರು, ನಮ್ಮ ಅಕ್ಕೋರು ಇಲ್ಲಿ ತಾವು ಕಂಡದ್ದನ್ನೆಲ್ಲ ಬರುವ ಐತವಾರ ರಾಯಚೂರಿನಲ್ಲಿ ಸಾಕ್ಷಿ ಹೇಳಲಿದ್ದಾರೆ ಎಂದು. ನನ್ನನ್ನು ಕೇಳದೆ. ನಾನು ಸಿಟ್ಟಿನಿಂದ ಅವರ ಕಡೆ ತಿರುಗಿದೆ. ಅಷ್ಟರಲ್ಲಿ ಅಯ್ಯಮ್ಮ ಜನರನ್ನು ಸರಿಸಿಕೊಂಡು ನನ್ನೆದುರು ಬಂದು ನಿಂತಳು.

"ಹೌದೇನ್ರಿ ಅಕ್ಕೋರ, ಸಾಕ್ಷಿ ಹೇಳ್ತೀರೇನ್ರಿ?"

ಹೇಳುತ್ತೇನೆ, ಹೇಳದೆ ಇವರು ಬಿಡುತ್ತಾರೆಯೇ ಎಂದೆ.

"ದೊಡ್ಡ ಸಾಹೇಬ್ರು ಬರ್ತಾರೇನ್ರಿ ಅಲ್ಲಿ?"

ನಾನು ಬಾಯಿ ತೆರೆಯುವುದರೊಳಗೆ ಪ್ರೇಮದಾಸರು ಹಿಂದಿನಿಂದ ಉತ್ತರ ಕೊಟ್ಟರು. "ಎಲ್ಲಾ ಸಾಹೇಬ್ರಗಿಂತ ದೊಡ್ಡಾವ ಇರ್ತಾನವಾ ಅಲ್ಲಿ."

ಅಯ್ಯಮ್ಮನ ಮುಖ ಅರಳಿತು. ಚರ್ಚು ಎಲ್ಲಿದೆ, ಯಾವ ಬಸ್ಸು, ಎಲ್ಲಿ ಇಳಿಯಬೇಕು ಎಂದೆಲ್ಲ ಪ್ರೇಮದಾಸರನ್ನು ಕೇಳಿಕೊಂಡಳು. ನೋಡಿದಿರಾ, ಒಂದು ಆತ್ಮ ತಾನಾಗಿ ಬರುತ್ತಿದೆ ಎಂದು ಅವರು ಗಾಡಿಯಲ್ಲಿ ರಾಯಚೂರು ಬರುವವರೆಗೆ ಹೇಳುತ್ತಲೇ ಇದ್ದರು. ನಾನು ನನ್ನ ಆತ್ಮವನ್ನು ಕಿಟಕಿಯ ಕಡೆ ತಿರುಗಿಸಿಕೊಂಡು ಕೂತಿದ್ದೆ.

ಐತವಾರ ಬಂತು. ನಾನು ಮುಂದೆ ಹೋಗಿ ನಿಂತಾಗ ಅಯ್ಯಮ್ಮ ಹೆಂಗಸರ ಕಡೆಯ ಮೊದಲ ಬೆಂಚಿನಲ್ಲೇ ಕೂತಿದ್ದಳು. ತೊಡೆಯ ಮೇಲೆ ಒಂದು ಬಟ್ಟೆಯ ಗಂಟು. ಕಣ್ಣು ಮಾತ್ರ ಸುತ್ತಲೂ ಯಾರನ್ನೋ ಹುಡುಕುತ್ತಿತ್ತು. ಕೋಟು ಹಾಕಿಕೊಂಡವರು ಯಾರು ಎದ್ದರೂ ಈಕೆಯೂ ಅರ್ಧ ಎದ್ದು ಕೈ ಮುಗಿಯುತ್ತಿದ್ದಳು. ನಾನು ರಾತ್ರಿಯಿಡೀ ಬಾಯಿಪಾಠ ಮಾಡಿದ್ದನ್ನು ಶುರು ಮಾಡಿದೆ. ಕರ್ತನು ಈ ಸೇವೆಯಲ್ಲಿ ನನಗೆ ತಾಳ್ಮೆಯನ್ನೂ ದೀರ್ಘಶಾಂತಿಯನ್ನೂ ಕಲಿಸಿದನು. ನೊಂದವರ ಕಣ್ಣೀರಿನಲ್ಲಿ ಅವನ ಮುಖವನ್ನು ಕಂಡೆನು. ನನ್ನೊಳಗಿನ ಕೋಪವು ಹೊಳೆಯ ನೀರಿನಂತೆ ಇಳಿದುಹೋಯಿತು. ಗಂಡಸರ ಕಡೆ ನನ್ನ ಯಜಮಾನರಿಗೆ ಕೆಮ್ಮು ಬಂತು. ಈ ಸಲ ಅದು ನಿಜವಾದದ್ದು.

ಅಯ್ಯಮ್ಮ ಎದ್ದು ನಿಂತಳು.

"ಅದಿರಲಿ ಅಕ್ಕೋರ. ಗ್ವಾಡಿ ಹೇಳ್ರಿ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಪ್ರೇಮದಾಸರು ಕೂಡು ಕೂಡು ಎಂದು ಕೈ ಮಾಡಿದರು. ಆಕೆ ಕೂಡಲಿಲ್ಲ. ಗಂಟು ಬಿಚ್ಚಿ, ಅಂಗೈಯಗಲದ ಒಂದು ಮಣ್ಣಿನ ಹೆಂಟೆಯನ್ನು ಎತ್ತಿ ಹಿಡಿದಳು. ಒಂದು ಮಗ್ಗುಲಿಗೆ ಬೆಳ್ಳಗೆ ಸುಣ್ಣವಿತ್ತು. ದೊಡ್ಡ ಸಾಹೇಬರಿಗೆ ತೋರಿಸಲೆಂದು ಬಿದ್ದ ಗೋಡೆಯ ತುಂಡನ್ನೇ ಬಸ್ಸಿನಲ್ಲಿ ತಂದಿದ್ದಳು. ಆಗ ನನಗೆ ಅರ್ಥವಾಯಿತು, ಸಾಕ್ಷಿ ಎಂದರೆ ಈಕೆ ಏನು ತಿಳಿದಿದ್ದಾಳೆ, ಎಲ್ಲರಿಗಿಂತ ದೊಡ್ಡವನೆಂದರೆ ಯಾವ ಕಚೇರಿಯವನೆಂದು ತಿಳಿದಿದ್ದಾಳೆ ಎಂದು. ಆಕೆಯ ಮೇಲೂ ಸಿಟ್ಟು ಬಂತು, ಪ್ರೇಮದಾಸರ ಮೇಲೂ ಬಂತು. ಎಲ್ಲಕ್ಕಿಂತ ಹೆಚ್ಚಾಗಿ, ಆ ಕ್ಷಣದಲ್ಲಿ ನಗುತ್ತಿದ್ದವರ ಮೇಲೆ ಬಂತು. ಬಾಯಿಪಾಠ ಮರೆತೇಹೋಯಿತು. ಗೋಡೆ ನಿಂತಿತ್ತು, ನಾನು ಅದಕ್ಕೆ ಬೆನ್ನು ಹಚ್ಚಿ ಚಹಾ ಕುಡಿದೆ, ನೀರು ಇಳಿದ ಮೇಲೆ ಹೋದಾಗ ಅದು ಬಿದ್ದಿತ್ತು ಎಂದಷ್ಟೇ ಹೇಳಿ ಇಳಿದೆ. ಯಾರೋ ಹಿರಿಯರು ರೂಢಿಬಲದಿಂದ ಆಮೆನ್ ಎಂದರು.

ಅಯ್ಯಮ್ಮ ಪಾಸ್ಟರ ಕಡೆ ತಿರುಗಿ, ಪಂಚನಾಮೆಯವರು ಮತ್ತೆ ಬರುತ್ತಾರೆ, ಹೊರಗಿನವರ ಸಾಕ್ಷಿ ಬೇಕಂತೆ, ಬರೆದುಕೊಂಡಿರಾ ಎಂದು ಕೇಳಿದಳು. ಪಾಸ್ಟರು ಕೆಳಗಿಳಿದು ಬಂದು ಆಕೆಯ ಪಕ್ಕದಲ್ಲೇ ಬೆಂಚಿನ ಮೇಲೆ ಕೂತರು. ಇದು ಕಚೇರಿ ಅಲ್ಲ, ಇಲ್ಲಿ ಬರೆದುಕೊಳ್ಳುವವರು ಇಲ್ಲ, ಇಲ್ಲಿ ದೇವರ ಮುಂದೆ ಹೇಳುವುದು ಎಂದು ಮೆಲ್ಲಗೆ ತಿಳಿಸಿದರು. ಆಕೆ ಪೂರ್ತಿ ಕೇಳಿಸಿಕೊಂಡು, ಹೆಂಟೆಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದಳು.

"ದೇವ್ರು ನೋಡ್ಯಾನಲ್ರಿ ಯಪ್ಪಾ, ಅಂವಗ ಗೊತ್ತದ. ಗೊತ್ತಿಲ್ಲದವರ ಮುಂದ ಹೇಳಬೇಕಲ್ರಿ."

ಪಾಸ್ಟರು ಅವತ್ತು ಉಪದೇಶ ಪ್ರಸಂಗಕ್ಕೆ ಏನು ಸಿದ್ಧ ಮಾಡಿಕೊಂಡಿದ್ದರೋ ನನಗೆ ತಿಳಿಯದು. ಅದನ್ನು ಹೇಳಲಿಲ್ಲ. ಒಂದು ಹಾಡು ಹಾಡಿಸಿ ಸಭೆ ಮುಗಿಸಿದರು. ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ, ಪಂಚನಾಮೆಯವರು ಬರುವ ದಿನ ಶಾಲೆಗೆ ರಜೆ ಹಾಕುತ್ತೀರಲ್ಲ ಎಂದು ಮಾತ್ರ ಕೇಳಿದರು. ಪ್ರೇಮದಾಸರು ಈ ವಿಷಯಕ್ಕೆ ಒಂದು ಉಪವಾಸ ಪ್ರಾರ್ಥನೆ ಇಟ್ಟುಕೊಳ್ಳೋಣ ಎಂದರು. ನೀವು ಇಟ್ಟುಕೊಳ್ಳಿ, ನಾನು ಬಸ್ಸಿಗೆ ಹೋಗುತ್ತೇನೆ ಎಂದೆ. ನನ್ನ ದನಿಯೂ ದೇವಸುಗೂರಿಗೆ ಕೇಳಿಸಿರಬೇಕು. ಆದರೆ ಪಂಚನಾಮೆಯ ದಿನ ಬೆಳಗ್ಗೆ ಗಾಡಿ ತೆಗೆದುಕೊಂಡು ಅವರೇ ನಮ್ಮ ಮನೆಯ ಮುಂದೆ ನಿಂತಿದ್ದರು. ಪ್ರಾರ್ಥನೆ ಮಾಡಲಿಲ್ಲ. ಗಬ್ಬೂರಿನವರೆಗೆ ಮಾತೂ ಆಡಲಿಲ್ಲ.

ಕಂದಾಯದ ಸಾಹೇಬರು ಬಿದ್ದ ಮನೆಯ ಮುಂದೆ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಹತ್ತಾರು ಊರು ತಿರುಗಿ ಹೈರಾಣಾದ ಮನುಷ್ಯ. ನಾನು ಹೇಳಿದ್ದನ್ನು ಕೇಳಿ, ಹೋದ ವರ್ಷದ ಫೋಟೋ ತೋರಿಸಿದರು. ಆಮೇಲೆ ನಯವಾಗಿಯೇ, ನೀವು ಚರ್ಚಿನವರು, ಸೇವೆಗೆ ಬಂದವರು, ಪಾಪ ಬಡವಿ ಎಂದು ಪುಣ್ಯಕ್ಕೆ ಹೇಳುತ್ತಿದ್ದೀರಿ, ನಿಮ್ಮಂಥವರು ಯಾರ ಮನೆ ಕೇಳಿದರೂ ಹೌದು ಎನ್ನುತ್ತೀರಿ ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಪುಣ್ಯ ಎಂಬ ಮಾತು ಕೇಳಿದ್ದೇ, ಇಷ್ಟು ದಿನ ತಡೆದುಕೊಂಡದ್ದೆಲ್ಲ ನನ್ನ ಬಾಯಿಗೆ ಬಂತು.

"ಪುಣ್ಯಕ್ಕ ಹೇಳಾಕ ನನಗೇನ್ರಿ ಬಂದದ? ಈ ಹೆಣ್ಣಮಗಳ ಮ್ಯಾಲ ನನಗ ಬೆಟ್ಟದಷ್ಟು ಸಿಟ್ಟದ. ಹೊಳಿ ಏರಾಕತ್ತದ, ಬಾರವಾ ಅಂದ್ರ ಒಲಿ ಹಚ್ಚಾಕ ಕುಂತಳು. ನನ್ನ ಹಿಡದು ಕುಂದ್ರಿಸಿದಳು. ಹಸಿ ಸುಣ್ಣದ ಗ್ವಾಡಿಗೆ ಬೆನ್ನ ಹಚ್ಚಿ ಕುಂತು ನನ್ನ ಇಳಕಲ್ ಸೀರಿ ಹಾಳಾತು. ಮೂರು ಸಲ ಒಗದೀನಿ, ಕಲಿ ಹೋಗವಲ್ಲದು. ಬಿದ್ದ ಗ್ವಾಡಿಗೆ ಯಾರರೆ ಬೆನ್ನ ಹಚ್ಚಿ ಕುಂದರ್ತಾರೇನ್ರಿ?"

ಸಾಹೇಬರು ನನ್ನನ್ನೇ ನೋಡಿದರು. ತುಟಿ ಒಂದಿಷ್ಟು ಅಲುಗಿತು. ಪೆನ್ನಿನ ಮುಚ್ಚಳ ತೆಗೆದು, ಹೆಸರು, ಊರು, ಉದ್ಯೋಗ ಕೇಳಿ ಬರೆದುಕೊಂಡರು. ಈಕೆ ನಿಮಗೆ ಏನಾಗಬೇಕು ಎಂದು ಕೇಳಿದರು. ಅಯ್ಯಮ್ಮನೇ ಉತ್ತರ ಕೊಟ್ಟಳು.

"ಏನೂ ಆಗಬೇಕಿಲ್ಲರಿ. ನಮ್ಮ ಮನ್ಯಾಗ ಚಾ ಕುಡದಾರ."

ಅವರು ಅದನ್ನೂ ಬರೆದುಕೊಂಡರೋ ಇಲ್ಲವೋ ಕಾಣೆ. ಮನೆ ಈ ನೆರೆಯಲ್ಲಿ ಬಿದ್ದದ್ದು ಎಂದು ಮಾತ್ರ ಬರೆದು ಓದಿ ಹೇಳಿದರು. ನಾನು ಸಹಿ ಮಾಡಿದೆ. ಅಯ್ಯಮ್ಮ ಹೆಬ್ಬೆಟ್ಟು ಒತ್ತಿ, ಅಂಟಿದ ಮಸಿಯನ್ನು ತನ್ನ ಬಿದ್ದ ಗೋಡೆಯ ಮಣ್ಣಿಗೇ ಒರೆಸಿದಳು.

ಅವರೆಲ್ಲ ಮುಂದಿನ ಮನೆಗೆ ಹೋದ ಮೇಲೆ ನಾವಿಬ್ಬರೂ ಒಂದು ಕಲ್ಲಿನ ಮೇಲೆ ಕೂತೆವು. ನನ್ನ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. ಕೇಳಿಯೇಬಿಟ್ಟೆ, ಅಲ್ಲವಾ ಅಯ್ಯಮ್ಮ, ನೀರು ಬರುತ್ತದೆ ಎಂದು ಗೊತ್ತಿದ್ದೂ ಆ ಸುಣ್ಣ ಯಾಕೆ ಬೇಕಿತ್ತು, ಆ ಚಹಾ ಯಾಕೆ ಬೇಕಿತ್ತು ಎಂದು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. ನನ್ನ ಕಡೆ ನೋಡಲಿಲ್ಲ. ಬಿದ್ದ ಮಣ್ಣನ್ನು ನೋಡುತ್ತ ಹೇಳಿದಳು.

"ಆ ಗ್ವಾಡಿ ಬ್ಯಾಸಿಗ್ಯಾಗ ನಾನ ಕಟ್ಟಿದ್ನಿರಿ ಅಕ್ಕೋರ. ಕಟ್ಟಿದ ಮ್ಯಾಲ ನಮ್ಮ ಮನಿಗೆ ಯಾರೂ ಬಂದಿದ್ದಿಲ್ಲ. ಹೊಳಿ ಒಯ್ತದಂತ ಗೊತ್ತಿತ್ತು. ಒಯ್ಯೋಕಿಂತ ಮೊದಲ ಒಬ್ಬರರೆ ಬಂದು ಕುಂತು ಹೋಗಲಿ ಅಂತ ಕಾದೆ. ನೀವು ಬಂದ್ರಿ."

ಚಹಾ ಚೆನ್ನಾಗಿತ್ತು ಎಂದು ಹೇಳಬೇಕೆನಿಸಿತು. ಅವತ್ತು ನಾನು ಅದನ್ನು ಬಾಯಿ ಸುಡುತ್ತಿದ್ದರೂ ಎರಡೇ ಗುಟುಕಿಗೆ ನುಂಗಿ, ಲೋಟ ಕುಕ್ಕಿ, ಏಳು ಏಳು ಎಂದಿದ್ದೆ. ರುಚಿ ಹೇಗಿತ್ತೆಂದು ಆ ಕಲ್ಲಿನ ಮೇಲೆ ಕೂತು ಎಷ್ಟು ನೆನಪು ಮಾಡಿಕೊಂಡರೂ ನೆನಪಾಗಲಿಲ್ಲ.